ಟಿಶ್ಯೂ ಕಲ್ಚರ್ ಯಾವುದಕ್ಕೆ, ಕಸಿ ಯಾವುದಕ್ಕೆ, ಸಂಕರಣ ಯಾವುದಕ್ಕೆ: ಹಣ್ಣಿನ ತಳಿ ಸುಧಾರಣೆಗೆ ಮಲೆನಾಡಿನ ಸಮಗ್ರ ಮಾರ್ಗದರ್ಶಿ

ಟಿಶ್ಯೂ ಕಲ್ಚರ್ ಸಸಿ ತಂದು ನೆಟ್ಟರೆ ತಳಿ ಸುಧಾರಿಸಿತು ಎಂಬ ನಂಬಿಕೆ ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಬಲವಾಗಿಯೇ ಇದೆ. ಅದು ಅರ್ಧ ಮಾತ್ರ ಸರಿ. ಗಿಡದ ಚಿಕ್ಕ ತುಂಡನ್ನು ಬಾಟಲಿಯಲ್ಲಿ ಬೆಳೆಸಿ ಸಸಿ ಮಾಡುವ ಈ ವಿಧಾನದಲ್ಲಿ, ಲ್ಯಾಬಿನಲ್ಲಿ ಆಗುವುದು ನಕಲು ತೆಗೆಯುವ ಕೆಲಸ. ಒಳ್ಳೆಯ ಗಿಡ ಕೊಟ್ಟರೆ ಅದರದೇ ಸಾವಿರ ಸಸಿ ಬರುತ್ತದೆ, ಕಳಪೆ ಗಿಡ ಕೊಟ್ಟರೂ ಅಷ್ಟೇ ಶ್ರದ್ಧೆಯಿಂದ ಅದರದೇ ಸಾವಿರ ಸಸಿ ಬರುತ್ತದೆ. ತಳಿ ಸುಧಾರಣೆಗೆ ಇರುವ ಮುಖ್ಯ ದಾರಿ ಎರಡು. ಒಂದು, ಇರುವ ಗಿಡಗಳಲ್ಲಿ ಒಳ್ಳೆಯದನ್ನು ಆರಿಸುವುದು. ಇನ್ನೊಂದು, ಸಂಕರಣ ಮಾಡಿ, ಅಂದರೆ ಎರಡು ಗಿಡಗಳನ್ನು ಕೂಡಿಸಿ ಹೊಸ ಸಂತಾನ ಹುಟ್ಟಿಸಿ, ಅದರಲ್ಲಿ ಆರಿಸುವುದು. ಎರಡರಲ್ಲೂ ಆರಿಸುವ ಕೆಲಸ ತಪ್ಪಿದ್ದಲ್ಲ, ಮತ್ತು ಅದನ್ನು ವರ್ಷವಿಡೀ ಗಿಡದ ಬುಡದಲ್ಲಿ ಓಡಾಡುವವರಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು. ಈ ಬರಹದ ಒತ್ತು ಅಲ್ಲಿಯೇ.

ಹಂತ 1: ಬೆಳೆಗೆ ತಕ್ಕ ದಾರಿ ಗೊತ್ತುಮಾಡಿಕೊಳ್ಳಿ

ಬಾಳೆಗೆ ಟಿಶ್ಯೂ ಕಲ್ಚರ್ ಹೇಳಿ ಮಾಡಿಸಿದ ದಾರಿ. ತಿನ್ನುವ ಬಾಳೆಗೆ ಬೀಜವಿಲ್ಲ, ಕಂದಿನಿಂದಲೇ ವಂಶ ಮುಂದುವರಿಯಬೇಕು. ಕಂದಿನ ಜೊತೆ ಗೆಡ್ಡೆಯ ಮೂತಿಹುಳ, ಬೇರಿನ ಜಂತುಹುಳ, ಸೊರಗು ರೋಗದ ಶಿಲೀಂಧ್ರ ಎಲ್ಲವೂ ಉಚಿತವಾಗಿ ಬರುತ್ತವೆ. ಲ್ಯಾಬಿನಿಂದ ಬಂದ ಸಸಿಯಲ್ಲಿ ಇವು ಮೂರೂ ಇರುವುದಿಲ್ಲ. ಅನಾನಸಿಗೂ ಈ ವಿಧಾನ ಒಗ್ಗುತ್ತದೆ. ಆದರೆ ಸಾಗರ–ಸೊರಬದ ಕಡೆ ಬೆಳೆಯುವ ಕ್ಯೂ ತಳಿಗೆ ಕಂದು ಧಾರಾಳವಾಗಿ ಸಿಗುವುದರಿಂದ ದುಡ್ಡು ಕೊಟ್ಟು ಲ್ಯಾಬಿನ ಸಸಿ ತರುವ ಅಗತ್ಯ ಕಡಿಮೆ. ಹೊಸ ತಳಿಯನ್ನು ಬೇಗ ಹೆಚ್ಚಿಸಬೇಕಾದಾಗ ಮಾತ್ರ ಯೋಚಿಸಿ.

ಮಾವಿಗೆ ಟಿಶ್ಯೂ ಕಲ್ಚರ್ ಎಂದು ಯಾರಾದರೂ ಸಸಿ ಮಾರಲು ಬಂದರೆ ಎರಡು ಸಲ ವಿಚಾರಿಸಿ. ಮಾವಿನ ಚಿಗುರು ಕತ್ತರಿಸಿದೊಡನೆ ಫಿನಾಲು ಎಂಬ ರಾಸಾಯನಿಕ ಸ್ರವಿಸಿ ಕಪ್ಪಾಗುತ್ತದೆ. ಮರದೊಳಗೇ ಅಡಗಿರುವ ಸೂಕ್ಷ್ಮಾಣುಗಳು ಬಾಟಲಿಯಲ್ಲಿ ತಲೆ ಎತ್ತುತ್ತವೆ. ಮಾವಿಗೂ ಹಲಸಿಗೂ ವಾಣಿಜ್ಯವಾಗಿ ನಡೆಯುವ ದಾರಿ ಕಸಿಯೇ, ಅದರಲ್ಲಿ ಕೊರಗುವಂಥದ್ದೇನೂ ಇಲ್ಲ. ಪಪ್ಪಾಯಿಗೆ ಬೀಜ ಸಾಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯ, ಅರ್ಕಾ ಪ್ರಭಾತ್ ತಳಿಗಳು ಸಂಕರಣದಿಂದ ಬಂದಂಥವು.

ಹಂತ 2: ತಾಯಿಗಿಡದ ಆಯ್ಕೆ

ಅಡಿಕೆ ತೋಟದ ನಡುವೆ ಏಲಕ್ಕಿ ಬಾಳೆಯೋ ಪುಟ್ಟಬಾಳೆಯೋ ಇದೆ ಎಂದುಕೊಳ್ಳಿ. ಒಂದು ಗಿಡದ ಗೊನೆ ಉಳಿದವಕ್ಕಿಂತ ಎರಡು ಚಿಪ್ಪು ಹೆಚ್ಚು. ತಕ್ಷಣ ಅದರ ಕಂದು ಕೀಳುವುದು ಸಾಮಾನ್ಯ. ಅದಕ್ಕೆ ಮೊದಲು ಗಿಡ ಎಲ್ಲಿ ನಿಂತಿದೆ ಎಂದು ನೋಡಬೇಕು. ಕೊಟ್ಟಿಗೆಯ ಗಂಜಲ ಹರಿಯುವ ಕಾಲುವೆಯ ಪಕ್ಕ, ಗೊಬ್ಬರಗುಂಡಿಯ ಅಂಚು, ಅಡಿಕೆ ಮರ ಸತ್ತು ಬಿಸಿಲು ಬೀಳುವ ಬಯಲು: ಇಂಥ ಕಡೆ ಯಾವ ಗಿಡವಾದರೂ ದೊಡ್ಡ ಗೊನೆ ಹಾಕುತ್ತದೆ. ಆ ಗುಣ ಜಾಗದ್ದು, ಕಂದಿನ ಜೊತೆ ಬರುವುದಿಲ್ಲ.

ಹಾಗಾಗಿ ಪರೀಕ್ಷೆ ಹೀಗಿರಲಿ. ಕಣ್ಣಿಗೆ ಬಿದ್ದ ನಾಲ್ಕೈದು ಗಿಡಗಳನ್ನು ಗುರುತು ಮಾಡಿ. ಪ್ರತಿಯೊಂದರಿಂದ ಎರಡು–ಮೂರು ಕಂದು ತೆಗೆದು, ಸಾಧಾರಣ ಮಣ್ಣಿರುವ ಒಂದೇ ಸಾಲಿನಲ್ಲಿ, ಒಂದೇ ದಿನ, ಒಂದೇ ಗೊಬ್ಬರ ಕೊಟ್ಟು ನೆಡಿ. ಪಕ್ಕದಲ್ಲಿ ಹೋಲಿಕೆಗೆಂದು ಸಾಧಾರಣ ಗಿಡದ ಕಂದೂ ಇರಲಿ. ಅಲ್ಲಿಯೂ ಮೇಲುಗೈ ಆದದ್ದು ನಿಜವಾದ ತಾಯಿಗಿಡ. ಒಂದೂವರೆ ವರ್ಷ ಕಾಯಬೇಕಲ್ಲ ಎನ್ನಬಹುದು. ಕಾಯದೆ ಸಾವಿರ ಸಸಿ ಮಾಡಿಸಿದವರು ಅದಕ್ಕಿಂತ ಹೆಚ್ಚು ಕಾಲ ಪಶ್ಚಾತ್ತಾಪ ಪಟ್ಟದ್ದುಂಟು.

ಗೊನೆಯ ತೂಕವೊಂದನ್ನೇ ನೋಡಬೇಡಿ. ನೆಟ್ಟು ಎಷ್ಟು ತಿಂಗಳಿಗೆ ಗೊನೆ ಹಾಕಿತು, ಆಷಾಢದ ಗಾಳಿಗೆ ಬಾಗಿತೋ ನಿಂತಿತೋ, ಮಳೆಗಾಲದ ಎಲೆಚುಕ್ಕೆಗೆ ಎಷ್ಟು ಎಲೆ ಉಳಿಸಿಕೊಂಡಿತು, ಹಣ್ಣು ಮಾಗಿದ ಮೇಲೆ ಚಿಪ್ಪಿನಿಂದ ಉದುರುತ್ತದೆಯೋ ಎಂಬುದೆಲ್ಲ ಬರೆದಿಡಿ. ಮಲೆನಾಡಿನಲ್ಲಿ ಎಲೆಚುಕ್ಕೆ ತಡೆಯುವ ಗುಣಕ್ಕೆ ನಾನು ಮೊದಲ ಅಂಕ ಕೊಡುತ್ತೇನೆ. ಗೊನೆ ಬಲಿಯುವಾಗ ಗಿಡದಲ್ಲಿ ಎಲೆಯೇ ಇಲ್ಲದಿದ್ದರೆ ಕಾಯಿ ತುಂಬುವುದೆಲ್ಲಿಂದ?

ಕೊನೆಯದಾಗಿ ವೈರಸ್. ಗುಚ್ಛ ತಲೆ ರೋಗ ತಗುಲಿದ ಗಿಡದ ಎಲೆಗಳು ಕಿರಿದಾಗಿ, ನೆಟ್ಟಗೆ, ತುದಿಯಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಎಲೆತೊಟ್ಟನ್ನು ಬೆಳಕಿಗೆ ಹಿಡಿದರೆ ಕಡುಹಸಿರಿನ ಚುಕ್ಕೆ–ಗೀಟುಗಳು ಕಾಣುತ್ತವೆ. ಬಾಳೆಯ ಕಪ್ಪು ಹೇನು ಇದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ಲಕ್ಷಣ ಕಾಣದ ಗಿಡದಲ್ಲೂ ವೈರಸ್ ಇರಬಹುದಾದ್ದರಿಂದ ತಾಯಿಗಿಡದ ಎಲೆಯನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದೆ ಮುಂದಕ್ಕೆ ಹೋಗಬಾರದು. ಟಿಶ್ಯೂ ಕಲ್ಚರ್ ಮಾಡಿದರೆ ವೈರಸ್ ತಾನಾಗಿ ಹೋಗುತ್ತದೆ ಎಂಬುದು ದೊಡ್ಡ ತಪ್ಪುಕಲ್ಪನೆ. ಅರ್ಧ ಮಿಲಿಮೀಟರಿಗಿಂತ ಚಿಕ್ಕ ಬೆಳವಣಿಗೆ ತುದಿಯನ್ನೇ ಬಿಡಿಸಿ ತೆಗೆದರೆ, ಜೊತೆಗೆ ಶಾಖ ಚಿಕಿತ್ಸೆಯನ್ನೂ ಕೊಟ್ಟರೆ ವೈರಸ್ ಬಿಟ್ಟುಹೋಗುವ ಸಾಧ್ಯತೆ ಇದೆ. ಮಾಮೂಲಿ ಉತ್ಪಾದನೆಯಲ್ಲಿ ಬಳಸುವ ಒಂದು ಸೆಂಟಿಮೀಟರಿನ ತುಂಡಿನಲ್ಲಿ ಅದು ಹಾಗೇ ಉಳಿದು, ಸಾವಿರ ಸಸಿಗೂ ಹಂಚಿಹೋಗುತ್ತದೆ.

ಹಂತ 3: ಲ್ಯಾಬಿನಲ್ಲಿ ಏನಾಗುತ್ತದೆ

ಸಣ್ಣ ಹಿಡುವಳಿದಾರರು ಮನೆಯಲ್ಲಿ ಲ್ಯಾಬು ಕಟ್ಟುವುದು ನನ್ನ ಪ್ರಕಾರ ದುಡ್ಡು ದಂಡ. ಕರೆಂಟು ಕೈಕೊಡುವ ಊರಿನಲ್ಲಿ, ಗೋಡೆಗೂ ಬೂಷ್ಟು ಹಿಡಿಯುವ ಮಳೆಗಾಲದಲ್ಲಿ, ಬಾಟಲಿಯನ್ನು ಬೂಷ್ಟಿನಿಂದ ಕಾಪಾಡುವುದು ಸುಲಭವಲ್ಲ. ಆದರೂ ಒಳಗೆ ನಡೆಯುವುದು ಗೊತ್ತಿದ್ದರೆ ಸಸಿ ಕೊಳ್ಳುವಾಗ ಸರಿಯಾದ ಪ್ರಶ್ನೆ ಕೇಳಬಹುದು.

ಕತ್ತಿಯಂತೆ ಕಿರಿದಾದ ಎಲೆಯ ಕಂದನ್ನು ಕಿತ್ತು ತೊಳೆದು, ಬೇರು, ಹೊರಸಿಪ್ಪೆ, ಎಲೆಯ ಸುರುಳಿಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಗೆಡ್ಡೆಯ ತುಣುಕಿನ ಮೇಲೆ ಕುಳಿತ ಬಿಳಿ ದಿಂಡಷ್ಟೇ ಉಳಿಯುತ್ತದೆ. ಶಿಲೀಂಧ್ರನಾಶಕದಲ್ಲಿ ನೆನೆಸಿ, ಬ್ಲೀಚಿನ ದ್ರಾವಣದಲ್ಲೋ ಮರ್ಕ್ಯುರಿಕ್ ಕ್ಲೋರೈಡಿನಲ್ಲೋ ಕೆಲವು ನಿಮಿಷ ಅದ್ದಿ, ಸೂಕ್ಷ್ಮಾಣುಗಳಿಲ್ಲದಂತೆ ಶುದ್ಧಮಾಡಿದ ನೀರಿನಲ್ಲಿ ಮೂರ್ನಾಲ್ಕು ಸಲ ಜಾಲಾಡುತ್ತಾರೆ. ನಂತರ ಶುದ್ಧಗಾಳಿ ಬೀಸುವ ಪೆಟ್ಟಿಗೆಯಾದ ಲ್ಯಾಮಿನಾರ್‌ನೊಳಗೆ, ಜ್ವಾಲೆಗೆ ಹಿಡಿದ ಚಾಕುವಿನಿಂದ ಇನ್ನೂ ಎರಡು–ಮೂರು ಪದರ ಬಿಡಿಸಿ, ಸುಮಾರು ಒಂದು ಸೆಂಟಿಮೀಟರಿನ ತುದಿಯನ್ನು ಬಾಟಲಿಯ ಆಹಾರದ ಮೇಲೆ ಕೂರಿಸುತ್ತಾರೆ.

ಈ ಆಹಾರದ ಸೂತ್ರ ಮುರಾಶಿಗೆ ಮತ್ತು ಸ್ಕೂಗ್ ಎಂಬ ಇಬ್ಬರು 1962ರಲ್ಲಿ ತಂಬಾಕಿನ ಅಂಗಾಂಶಕ್ಕೆಂದು ಪ್ರಕಟಿಸಿದ್ದು, ಎಂ.ಎಸ್. ಮಾಧ್ಯಮ ಎಂದೇ ಹೆಸರು. ಲವಣ, ವಿಟಮಿನ್, ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗಲು ಅಗರ್, ಪಿಎಚ್ 5.8ಕ್ಕೆ ಹೊಂದಿಸಿ, ಪ್ರೆಷರ್ ಕುಕ್ಕರಿನ ಅಣ್ಣನಂತಿರುವ ಆಟೋಕ್ಲೇವಿನಲ್ಲಿ 121 ಡಿಗ್ರಿಯಲ್ಲಿ 15–20 ನಿಮಿಷ ಬೇಯಿಸುತ್ತಾರೆ. ಬಾಳೆಯಲ್ಲಿ ಮೊಳಕೆ ಒಡೆಸಲು ಬಿ.ಎ.ಪಿ. ಎಂಬ ಹಾರ್ಮೋನು ಲೀಟರಿಗೆ ಸುಮಾರು 3ರಿಂದ 5 ಮಿಲಿಗ್ರಾಂ ಬೀಳುತ್ತದೆ. ಕೋಣೆಯ ಶಾಖ 25 ಡಿಗ್ರಿ ಆಸುಪಾಸು, ಬೆಳಕು ದಿನಕ್ಕೆ 16 ಗಂಟೆ. ಮೂರ್ನಾಲ್ಕು ವಾರಕ್ಕೊಮ್ಮೆ ಮೊಳಕೆಯ ಗೊಂಚಲನ್ನು ಬಿಡಿಸಿ ಹೊಸ ಬಾಟಲಿಗೆ ಹಾಕುತ್ತಾ ಹೋಗುತ್ತಾರೆ.

ನೀವು ಕೇಳಬೇಕಾದ ಪ್ರಶ್ನೆ ಇಲ್ಲಿದೆ: ಎಷ್ಟು ಸಲ ಬಿಡಿಸಿದ್ದೀರಿ? ಒಂದೇ ಅಂಗಾಂಶವನ್ನು ಹಾರ್ಮೋನಿನಲ್ಲಿ ಎಬ್ಬಿಸುತ್ತಲೇ ಹೋದಂತೆ ನಕಲಿನಲ್ಲಿ ತಪ್ಪು ನುಸುಳುತ್ತದೆ. ಸಾಮಾನ್ಯವಾಗಿ ಎಂಟು ಸುತ್ತಿಗೆ ನಿಲ್ಲಿಸಿ ಹೊಸ ಕಂದಿನಿಂದ ಶುರು ಮಾಡಬೇಕು. ಹಾಗೆ ನಿಲ್ಲಿಸದ ಲ್ಯಾಬಿನ ಸಸಿಗಳಲ್ಲಿ ಕುಳ್ಳ ಗಿಡ, ರಬ್ಬರಿನಂತೆ ದಪ್ಪ ಕಿರಿದಾದ ಎಲೆಯ ಗಿಡ, ಬಿಳಿ ಪಟ್ಟೆಯ ಗಿಡ ಜಾಸ್ತಿ. ಕಡೆಗೆ ಬೇರು ಬರಿಸುವ ಬಾಟಲಿ: ಐ.ಬಿ.ಎ. ಅಥವಾ ಎನ್.ಎ.ಎ. ಹಾರ್ಮೋನು, ಸ್ವಲ್ಪ ಇದ್ದಿಲಪುಡಿ, ಮೂರ್ನಾಲ್ಕು ವಾರ.

ಹಂತ 4: ಸಸಿ ಕೊಳ್ಳುವುದು, ಹದಗೊಳಿಸುವುದು

ಲ್ಯಾಬು ಬೇಡ ಎಂದೆ, ಆದರೆ ಹದಗೊಳಿಸುವ ನರ್ಸರಿ ಮನೆಯಲ್ಲಿ ಖಂಡಿತ ಮಾಡಬಹುದು. ಹಳ್ಳಿಯ ಸ್ವಸಹಾಯ ಸಂಘಗಳಿಗೂ ಹೇಳಿ ಮಾಡಿಸಿದ ಕೆಲಸ. ಬಾಟಲಿಯಿಂದ ಬಂದ ಸಸಿಯ ಎಲೆಗೆ ಮೇಣದ ಪದರ ಬೆಳೆದಿರುವುದಿಲ್ಲ, ಉಸಿರುರಂಧ್ರ ಮುಚ್ಚಿ ತೆರೆಯುವ ಅಭ್ಯಾಸವಿರುವುದಿಲ್ಲ, ಸಕ್ಕರೆ ತಿಂದು ಬೆಳೆದ ಸಸಿಗೆ ಬಿಸಿಲಿನಲ್ಲಿ ದುಡಿದು ಗೊತ್ತಿಲ್ಲ. ಮೊದಲ ಹದ ಲ್ಯಾಬಿನ ಹಸಿರುಮನೆಯಲ್ಲೇ ಆಗಲಿ: ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಕೆಳಗೆ, ನಾಲ್ಕರಿಂದ ಆರು ವಾರ. ಟ್ರೇ ಸಸಿ ಪಾಲಿಥಿನ್ ಚೀಲಕ್ಕೆ ಹಾಕಿ ಮಾರುವ ಸಸಿಗಿಂತ ಅಗ್ಗ. ಅದನ್ನು ತಂದು ಎರಡನೇ ಹದ ನೀವು ಮಾಡಿ.

ಚೀಲಕ್ಕೆ ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಪಾಲು, ಟ್ರೈಕೋಡರ್ಮಾ ಎಂಬ ರೋಗ ತಡೆಯುವ ಶಿಲೀಂಧ್ರ ಬೆರೆಸಿದ ಬೇವಿನ ಹಿಂಡಿ ಒಂದು ಹಿಡಿ. ಹಸಿಗೊಬ್ಬರ ಹಾಕಿದರೆ ಬೇರು ಬೆಂದುಹೋಗುತ್ತದೆ. ಮೇಲೆ 50 ಪ್ರತಿಶತ ನೆರಳಿನ ಬಲೆ. ಮೊದಲ ವಾರ ಬುಡಕ್ಕೆ ನೀರು ಸುರಿಯುವುದಕ್ಕಿಂತ ಎಲೆಯ ಮೇಲೆ ಮಂಜಿನಂತೆ ಸಿಂಪಡಿಸುವುದು ಮುಖ್ಯ. ಬಯಲುಸೀಮೆಯ ಪುಸ್ತಕಗಳು ಗಾಳಿಯ ತೇವ ಹೆಚ್ಚಿಸಲು ಹೇಳುತ್ತವೆ. ಜುಲೈ ತಿಂಗಳ ಹೊಸನಗರದಲ್ಲಿ ಅದನ್ನು ಕೇಳಿದರೆ ನಗು ಬರುತ್ತದೆ. ನಮ್ಮಲ್ಲಿ ತೊಂದರೆ ತಿರುವುಮುರುವು: ಬಲೆಯ ಕಣ್ಣಿನಿಂದ ಮಳೆಹನಿ ಚೀಲದ ಮೇಲೆ ಬಿದ್ದು ಮಣ್ಣು ಗಟ್ಟಿಯಾಗಿ, ಕಾಂಡದ ಬುಡ ಕೊಳೆಯುತ್ತದೆ. ಮಳೆಗಾಲದಲ್ಲಿ ಹದಗೊಳಿಸುವುದಾದರೆ ಬಲೆಯ ಮೇಲೆ ಇಳಿಜಾರಾಗಿ ಪಾರದರ್ಶಕ ಶೀಟು ಬೇಕೇ ಬೇಕು, ಚೀಲಗಳನ್ನು ನೆಲದಿಂದ ಎತ್ತರಿಸಿ ಅಡಿಕೆ ದಬ್ಬೆಯ ಅಟ್ಟದ ಮೇಲಿಡಬೇಕು. ಕೊನೆಯ ಎರಡು ವಾರ ದಿನಕ್ಕಷ್ಟು ನೆರಳು ಸರಿಸಿ.

ಒಂದಡಿ ಎತ್ತರ, ಐದಾರು ಎಲೆ ಬಂದರೆ ನೆಡಲು ತಯಾರು. ಈ ಹೊತ್ತಿಗೆ ಪ್ರತಿ ಸಸಿಯನ್ನೂ ಕೈಯಲ್ಲಿ ಹಿಡಿದು ನೋಡಿ. ತೊಟ್ಟು ಗಿಡ್ಡವಾಗಿ ಎಲೆಗಳು ಒಂದರ ಮೇಲೊಂದು ಕೂತಿದ್ದರೆ, ಎಲೆ ವಿಕಾರವಾಗಿದ್ದರೆ ಆ ಸಸಿಯನ್ನು ಕರುಣೆ ತೋರದೆ ಎಸೆಯಿರಿ.

ಕೊಳ್ಳುವಾಗ ಕೇಳಬೇಕಾದ ಕಾಗದ ಒಂದಿದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಟಿಶ್ಯೂ ಕಲ್ಚರ್ ಸಸಿಗಳಿಗೆ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ ತಂದಿದೆ. ಲ್ಯಾಬಿಗೆ ಮಾನ್ಯತೆ ಇದೆಯೇ ಎಂಬುದೊಂದು, ನೀವು ಒಯ್ಯುವ ಕಂತಿನ ಸಸಿಗಳಿಗೆ ವೈರಸ್ ಪರೀಕ್ಷೆಯ ಪ್ರಮಾಣಪತ್ರ ಇದೆಯೇ ಎಂಬುದು ಇನ್ನೊಂದು. ಗೋಡೆಗೆ ತೂಗುಹಾಕಿದ ಮೊದಲನೆಯದನ್ನು ತೋರಿಸಿ ಎರಡನೆಯದರ ಮಾತು ತೇಲಿಸುವವರಿದ್ದಾರೆ.

ಹಂತ 5: ನೆಡುವುದು

ಶಿಕಾರಿಪುರದ ಕಡೆ ಮುಂಗಾರಿನ ಆರಂಭಕ್ಕೆ ನೆಡುವವರನ್ನು ನೋಡಿ ತೀರ್ಥಹಳ್ಳಿಯವರು ಹಾಗೇ ಮಾಡಬಾರದು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಸೆರಗಿನಲ್ಲಿ ಎಳೆ ಸಸಿ ನೀರಿನಲ್ಲಿ ನಿಲ್ಲುತ್ತದೆ. ಅಲ್ಲಿ ಮಳೆ ಇಳಿದ ಮೇಲೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ನೆಟ್ಟು ಬೇಸಿಗೆಗೆ ನೀರು ಕೊಡುವುದು ಕ್ಷೇಮ. ಒಂದೂವರೆ ಅಡಿ ಗುಂಡಿ, ಬಸಿಗಾಲುವೆ ಅದಕ್ಕಿಂತ ಆಳ. ಒಂಟಿ ಬೆಳೆಯಾದರೆ ಜಿ-9, ಅಂದರೆ ಗ್ರ್ಯಾಂಡ್ ನೈನ್ ಬಾಳೆಗೆ ಆರಡಿ ಅಂತರ, ಒಂಬತ್ತು ಅಡಿ ಅಂತರದ ಅಡಿಕೆಯಲ್ಲಾದರೆ ನಾಲ್ಕು ಮರದ ನಡುವೆ ಒಂದು.

ಸೊರಗು ರೋಗ ಬಂದು ಏಲಕ್ಕಿ ಬಾಳೆ ಸತ್ತ ಜಾಗಕ್ಕೆ ಟಿಶ್ಯೂ ಕಲ್ಚರಿನ ಏಲಕ್ಕಿ ಬಾಳೆಯನ್ನೇ ತಂದು ನೆಟ್ಟು ಲ್ಯಾಬನ್ನು ಬೈಯಬೇಡಿ. ಶಿಲೀಂಧ್ರ ಮಣ್ಣಿನಲ್ಲಿ ವರ್ಷಾನುಗಟ್ಟಲೆ ಬದುಕುತ್ತದೆ. ಸಸಿ ಶುದ್ಧವಿದ್ದರೂ ತಳಿಗೆ ತಡೆಯುವ ಶಕ್ತಿಯಿಲ್ಲ. ಸೊರಗಿನ ಮೊದಲನೇ ಪ್ರಭೇದವನ್ನು ಜಿ-9 ತಡೆಯುತ್ತದೆ, ಆದರೆ ಟಿಆರ್-4 ಎಂಬ ಹೊಸ ಪ್ರಭೇದಕ್ಕೆ ಅದೂ ಬಲಿ. ಈ ಟಿಆರ್-4 ಬಿಹಾರಕ್ಕೆ ಈಗಾಗಲೇ ಕಾಲಿಟ್ಟಿದೆ. ಹೊರರಾಜ್ಯದ ತೋಟದಿಂದ ಕಂದು ತರುವ ಚಪಲ ಬಿಡಲು ಇದೊಂದೇ ಕಾರಣ ಸಾಕು.

ಹಂತ 6: ಹೊಸ ತಳಿ ಹುಟ್ಟಿಸುವುದು – ಮಾವಿನ ಸಂಕರಣ

ರೋಗ ತಡೆಯುವ ಗುಣ ತಳಿಯಲ್ಲೇ ಬರಬೇಕಾದರೆ ಸಂಕರಣ ಬೇಕು. ಬಾಳೆಯಲ್ಲಿ ಅದು ತಪಸ್ಸು. ಜಿ-9 ಸೇರಿದ ಕ್ಯಾವೆಂಡಿಶ್ ಗುಂಪಿನ ಬಾಳೆಗೆ ವರ್ಣತಂತುಗಳ ಜೋಡಿಯ ಬದಲು ಮೂರು ಕಟ್ಟು, ಹಾಗಾಗಿ ಬೀಜ ಕಟ್ಟುವುದಿಲ್ಲ. ಕಾಡುಬಾಳೆಯ ಪರಾಗ ಹಾಕಿ ಹಣ್ಣಿನ ರಾಶಿಯಲ್ಲಿ ಬೆರಳೆಣಿಕೆಯ ಬೀಜ ಹುಡುಕಿ, ಮೊಳೆಯದ ಆ ಬೀಜದಿಂದ ಭ್ರೂಣ ಬಿಡಿಸಿ ಬಾಟಲಿಯಲ್ಲಿ ಸಾಕಬೇಕು. ಸಂಕರಣಕ್ಕೂ ಟಿಶ್ಯೂ ಕಲ್ಚರಿಗೂ ನಿಜವಾದ ನೆಂಟಸ್ತಿಕೆ ಇರುವುದು ಈ ಭ್ರೂಣ ರಕ್ಷಣೆಯಲ್ಲಿ. ಇನ್ನೊಂದು ದಾರಿ ವಿಕಿರಣ: ಗ್ರ್ಯಾಂಡ್ ನೈನ್‌ಗೆ ಗ್ಯಾಮಾ ಕಿರಣ ಹಾಯಿಸಿ ಭಾಭಾ ಅಣು ಸಂಶೋಧನಾ ಕೇಂದ್ರವೂ ತಿರುಚ್ಚಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರವೂ ಸೇರಿ ಕಾವೇರಿ ವಾಮನ ಎಂಬ ಗಿಡ್ಡ ತಳಿ ತಂದಿವೆ. ಇವು ಸಂಸ್ಥೆಗಳ ಕೆಲಸ, ನಮಗೆ ನಿಲುಕುವುದಲ್ಲ.

ಮಾವು ನಿಲುಕುತ್ತದೆ, ತಾಳ್ಮೆ ಇದ್ದರೆ. ಬೇಕಾದದ್ದು ಸಣ್ಣ ಚಿಮಟ, ಬೂತಗನ್ನಡಿ, ತೆಳು ಬಟ್ಟೆಯ ಚೀಲ, ಗುರುತಿನ ಚೀಟಿ ಮತ್ತು ಏಣಿ. ತಾಯಿಮರದಲ್ಲಿ ಆಗಷ್ಟೇ ಅರಳತೊಡಗಿದ ಹೂಗೊಂಚಲು ಆರಿಸಿ. ಗೊಂಚಲಲ್ಲಿ ನೂರಾರು ಹೂ ಇದ್ದರೂ ಹೆಚ್ಚಿನವು ಬರೀ ಗಂಡು. ದ್ವಿಲಿಂಗಿ ಹೂವಿನ ನಡುವೆ ತಿಳಿಹಳದಿ ಗುಂಡಗಿನ ಅಂಡಾಶಯ, ಅದರ ಮಗ್ಗುಲಿಂದ ಓರೆಯಾಗಿ ಎದ್ದ ಸಣ್ಣ ಶಲಾಕೆ, ಪಕ್ಕದಲ್ಲಿ ಸಾಮಾನ್ಯವಾಗಿ ಒಂದೇ ಒಂದು ಫಲವತ್ತಾದ ಕೇಸರ. ಅರಳಿದ್ದನ್ನೂ ಗಂಡುಹೂವನ್ನೂ ಕಿತ್ತು, ನಾಳೆ ಅರಳುವಂಥ ಹತ್ತೆಂಟು ದ್ವಿಲಿಂಗಿ ಮೊಗ್ಗು ಮಾತ್ರ ಉಳಿಸಿ ಚೀಲ ಕಟ್ಟಿ. ಮರುದಿನ ಬೆಳಕು ಹರಿಯುತ್ತಿದ್ದಂತೆ, ಕೇಸರದ ನಸುಗೆಂಪು ತಲೆ ಒಡೆಯುವ ಮೊದಲೇ ಅದನ್ನು ಚಿಮಟದಿಂದ ತೆಗೆಯಿರಿ. ಬಿಸಿಲೇರಿ ಒಂಬತ್ತು–ಹತ್ತು ಗಂಟೆಯಾದಾಗ ತಂದೆಮರದ ಹೂವಿನ ಕೇಸರ ಒಡೆದು ನೀಲಿ ಮಿಶ್ರಿತ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆ ಹೂವನ್ನೇ ಹಿಡಿದು ತಾಯಿಹೂವಿನ ಶಲಾಕೆಯ ತುದಿಗೆ ಮುಟ್ಟಿಸಿ, ಮತ್ತೆ ಚೀಲ ಕಟ್ಟಿ, ಚೀಟಿಯಲ್ಲಿ ತಾಯಿ, ತಂದೆ, ದಿನಾಂಕ ಬರೆಯಿರಿ. ಇಬ್ಬನಿ ಸುರಿದು ಮೋಡ ಕವಿದ ದಿನ ಕೇಸರ ತಡವಾಗಿ ಒಡೆಯುತ್ತದೆ. ಅಂಥ ದಿನ ಗಡಿಯಾರ ನೋಡದೆ ಹೂವನ್ನೇ ನೋಡಿ.

ಮುಟ್ಟಿಸಿದ ಹೂಗಳಲ್ಲಿ ಹಣ್ಣಾಗುವುದು ತೀರಾ ಕಡಿಮೆ, ಒಂದು ಹಣ್ಣಿಗೆ ಒಂದೇ ಬೀಜ. ಅದಕ್ಕೇ ಮಾವಿನ ಸಂಕರಣ ನಿಧಾನ. ಬೀಜ ಹಾಕಿದ ಮೇಲೆ ಆರೆಂಟು ವರ್ಷ ಕಾಯುವ ಬದಲು ಸಸಿಯ ಚಿಗುರನ್ನು ಬಲಿತ ಮರದ ಕೊಂಬೆಗೆ ಕಸಿ ಮಾಡಿದರೆ ಹಣ್ಣು ಬೇಗ ನೋಡಬಹುದು. ತಾಯಿ ಆರಿಸುವಾಗ ಇನ್ನೊಂದು ಎಚ್ಚರ: ಕರಾವಳಿಯ ಒಳೂರು, ಬಪ್ಪಕಾಯಿಯಂಥ ಮಾವಿನ ಒಂದೇ ವಾಟೆಯಿಂದ (ಗೊರಟೆಯಿಂದ) ಹಲವು ಮೊಳಕೆ ಏಳುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯದೇ ನಕಲು. ಅಂಥದ್ದು ತಾಯಿಯಾದರೆ ನೀವು ಪಟ್ಟ ಪಾಡೆಲ್ಲ ವ್ಯರ್ಥ.

ಎಷ್ಟು ಸಸಿ ಬೇಕು? ನೀಲಂ ತಾಯಿ, ದಶಹರಿ ತಂದೆಯಾದಾಗ ಮಲ್ಲಿಕಾ ಬಂತು. ದಶಹರಿ ತಾಯಿ, ನೀಲಂ ತಂದೆಯಾದಾಗ ಆಮ್ರಪಾಲಿ ಬಂತು. ಅದೇ ಜೋಡಿ, ಆದರೆ ಎರಡು ಹಣ್ಣಿಗೂ ಸಂಬಂಧವೇ ಇಲ್ಲವೇನೋ ಎಂಬಷ್ಟು ಬೇರೆ. ಒಂದೇ ತಂದೆ–ತಾಯಿಯ ಮಕ್ಕಳು ಇಷ್ಟು ಭಿನ್ನವಾಗುವಾಗ ನಾಲ್ಕು ಸಸಿ ಬೆಳೆಸಿ ಅದೃಷ್ಟ ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ. ನೆರೆಹೊರೆಯ ಐದಾರು ತೋಟದವರು ಸೇರಿ ಬೇಲಿಯ ಸಾಲಿನಲ್ಲಿ ಹಂಚಿಕೊಂಡು ಬೆಳೆಸಿದರೆ ಮಾತ್ರ ಇದು ಕೈಗೂಡುವ ಕೆಲಸ.

ಹಂತ 7: ಅಪ್ಪೆಮಿಡಿ – ಸಂಕರಣ ಪ್ರಕೃತಿ ಮಾಡಿಟ್ಟಿದೆ, ನಾವು ಆರಿಸಬೇಕಷ್ಟೆ

ಇಷ್ಟೆಲ್ಲ ಬರೆದ ಮೇಲೂ ಮಲೆನಾಡಿನವರಿಗೆ ನನ್ನ ಮೊದಲ ಸಲಹೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನ ಮಿಡಿಯಾದ ಅಪ್ಪೆಮಿಡಿಯೇ. ಶರಾವತಿ, ಕುಮುದ್ವತಿ, ವರದಾ, ಅಘನಾಶಿನಿ ದಂಡೆಗಳಲ್ಲಿ ಬೀಜದಿಂದ ಹುಟ್ಟಿದ ಒಂದೊಂದು ಮರವೂ ಒಂದೊಂದು ತಳಿ. ಜೀರಿಗೆ ಪರಿಮಳದ್ದು, ಕರ್ಪೂರದ ಪರಿಮಳದ್ದು, ಮಾಳಂಜಿ, ಅನಂತಭಟ್ಟನ ಅಪ್ಪೆ, ಹೀಗೆ ಹೆಸರು ಪಡೆದವು ಕೆಲವು, ಹೆಸರಿಲ್ಲದವು ಎಷ್ಟೋ. ಮಿಡಿಗಾಗಿ ಕೊಂಬೆಯನ್ನೇ ಕಡಿಯುವವರ ದೆಸೆಯಿಂದ ಮರಗಳು ಕಮ್ಮಿಯಾಗುತ್ತಿವೆ.

ಪರೀಕ್ಷೆ ಸರಳ. ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ಪರಿಮಳ ನೋಡಿ, ಮಿಡಿ ಕತ್ತರಿಸಿ ವಾಟೆ ಎಷ್ಟು ಎಳೆಯದಿದೆ ನೋಡಿ. ಅಷ್ಟಕ್ಕೇ ತೀರ್ಮಾನ ಬೇಡ. ಪ್ರತಿ ಮರದ ಇಪ್ಪತ್ತು ಮಿಡಿಯನ್ನು ಒಂದೇ ಉಪ್ಪಿನಲ್ಲಿ ಬೇರೆ ಬೇರೆ ಭರಣಿಗೆ ಹಾಕಿ ಮುಂದಿನ ವರ್ಷ ತೆರೆಯಿರಿ. ಮೆತ್ತಗಾಗದೆ, ಪರಿಮಳ ಬಿಡದೆ ಉಳಿದದ್ದಕ್ಕೆ ಗುರುತು ಹಾಕಿ. ಈ ವಿಷಯದಲ್ಲಿ ಮನೆಯ ಹಿರಿಯ ಹೆಂಗಸರ ತೀರ್ಪೇ ಕೊನೆಯದು, ಅವರ ನಾಲಗೆಗೆ ಸಮನಾದ ಉಪಕರಣ ಯಾವ ಲ್ಯಾಬಿನಲ್ಲೂ ಇಲ್ಲ. ಜೊತೆಗೆ ಆ ಮರ ಪ್ರತಿ ವರ್ಷ ಬಿಡುತ್ತದೆಯೋ, ವರ್ಷ ಬಿಟ್ಟು ವರ್ಷವೋ ಎಂದು ಊರಲ್ಲಿ ವಿಚಾರಿಸಿ.

ಆರಿಸಿದ ಮರದಿಂದ ಕಸಿ ಮಾಡುವ ಕ್ರಮ ಇದು. ಫಲ ಕೊಡುವ ಹೊರಕೊಂಬೆಯಲ್ಲಿ ಮೂರ್ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ಕಡ್ಡಿ ಗುರುತಿಸಿ. ಕತ್ತರಿಸುವ ವಾರ–ಹತ್ತು ದಿನ ಮೊದಲು ತೊಟ್ಟಿನ ತುಣುಕು ಬಿಟ್ಟು ಎಲೆ ಸವರಿದರೆ ತುದಿಮೊಗ್ಗು ಉಬ್ಬುತ್ತದೆ. ಊರಮಾವಿನ ವಾಟೆಯನ್ನು ಮೊಳಕೆ ಬರಿಸಿ, ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವಾಗ, ಅಂದರೆ ಹತ್ತು–ಹದಿನೈದು ದಿನದ ಸಸಿಯ ತಲೆ ತೆಗೆದು, ಕಾಂಡವನ್ನು ನಡುವೆ ಮೂರ್ನಾಲ್ಕು ಸೆಂಟಿಮೀಟರ್ ಸೀಳಿ. ಕಡ್ಡಿಯ ಬುಡವನ್ನು ಎರಡೂ ಕಡೆ ಬೆಣೆಯಂತೆ ಹೆರೆದು ಸೀಳಿನಲ್ಲಿ ಕೂರಿಸಿ, ಒಂದು ಬದಿಯ ತೊಗಟೆಯಾದರೂ ಒಂದಕ್ಕೊಂದು ಕೂಡಲಿ. ಪ್ಲಾಸ್ಟಿಕ್ ಪಟ್ಟಿ ಬಿಗಿದು ಮೇಲೆ ಸಣ್ಣ ಪಾಲಿಥಿನ್ ಕೊಳವೆ ತೊಡಿಸಿ. ಟಿಶ್ಯೂ ಕಲ್ಚರ್ ಸಸಿಗೆ ಕಾಟ ಕೊಡುವ ನಮ್ಮ ಜೂನ್–ಆಗಸ್ಟಿನ ತೇವ ಈ ಕಸಿಗೆ ವರ. ಮಳೆಹನಿ ನೇರ ಬೀಳದಂತೆ ಮಾಡು ಇದ್ದರೆ ಎರಡು–ಮೂರು ವಾರಕ್ಕೆ ಚಿಗುರು ಕಾಣುತ್ತದೆ. ಆಗ ಕೊಳವೆ ತೆಗೆಯಿರಿ, ಪಟ್ಟಿ ಬಿಚ್ಚಲು ಅವಸರ ಬೇಡ.

ಹಂತ 8: ದಾಖಲೆ ಮತ್ತು ಹಕ್ಕು

ತುಮಕೂರು ಜಿಲ್ಲೆಯ ಚೇಳೂರಿನ ರೈತ ಕುಟುಂಬವೊಂದರ ತೋಟದ ಕೆಂಪು ತೊಳೆಯ ಹಲಸಿನ ಮರ ಇಂದು ಸಿದ್ದು ಎಂಬ ತಳಿಯಾಗಿ ರಾಜ್ಯವೆಲ್ಲ ಹರಡಿದೆ. ಹೆಸರಘಟ್ಟದ ಸಂಸ್ಥೆ ಅದನ್ನು ಗುರುತಿಸಿ ಕಸಿಗೆ ತಂದಿತು, ಮರ ಕಾಪಾಡಿದ ಕುಟುಂಬಕ್ಕೆ ಆದಾಯವೂ ಬಂತು. ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರ ಪ್ರಕಾರ ರೈತರು ತಮ್ಮ ತಳಿಯನ್ನು ತಮ್ಮದೇ ಹೆಸರಿನಲ್ಲಿ ನೋಂದಾಯಿಸಬಹುದು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲೋ ಶಿವಮೊಗ್ಗದ ನವುಲೆಯ ಕಾಲೇಜಿನಲ್ಲೋ ವಿಚಾರಿಸಿ.

ಹೋಗುವಾಗ ಕೈಯಲ್ಲಿ ದಾಖಲೆ ಇರಲಿ: ಕನಿಷ್ಠ ಮೂರು ವರ್ಷದ ಹೂವಿನ ದಿನಾಂಕ, ಇಳುವರಿ, ಹಣ್ಣು ಅಥವಾ ಮಿಡಿಯ ಅಳತೆ, ಫೋಟೊ, ಹೋಲಿಕೆಗೆ ಪಕ್ಕದ ಮರದ ಅದೇ ವಿವರ. ಮರಕ್ಕೆ ಅಲ್ಯೂಮಿನಿಯಂ ಚೀಟಿ ಕಟ್ಟುವಾಗ ತಂತಿ ಸಡಿಲವಾಗಿರಲಿ, ಬಿಗಿದರೆ ತೊಗಟೆ ಬೆಳೆದು ಚೀಟಿಯನ್ನೇ ನುಂಗುತ್ತದೆ. ಅದೇ ನಂಬರನ್ನು ಪುಸ್ತಕದಲ್ಲೂ ಬರೆಯಿರಿ, ಯಾಕೆಂದರೆ ಹೊಳೆಯುವ ಚೀಟಿ ಮಂಗಗಳಿಗೂ ಬಹಳ ಇಷ್ಟ.